ಸೋಲೋ ಬೇಡ, ಹಿಡಿದದ್ದನ್ನು ಬಿಡಬೇಡ: ‘ಫಂಕಿ ಡ್ರಮ್ಮರ್’ನ ಇಪ್ಪತ್ತು ಸೆಕೆಂಡು

ಪ್ರಶ್ನೆ: ಡ್ರಮ್ಸ್ ಕಲಿಯುತ್ತಿದ್ದೇನೆ. ಮೇಷ್ಟ್ರು ಅಮೆರಿಕದ ಗಾಯಕ ಜೇಮ್ಸ್ ಬ್ರೌನ್‌ನ ‘ಫಂಕಿ ಡ್ರಮ್ಮರ್’ ಬೀಟ್ ಕೊಟ್ಟಿದ್ದಾರೆ. ಬರೆದದ್ದನ್ನು ನೋಡಿದರೆ ಸುಲಭ ಅನ್ನಿಸುತ್ತದೆ, ನುಡಿಸಿದರೆ ಮಾತ್ರ ಆ ಹಾಡಿನ ಹಾಗೆ ಕೇಳುವುದೇ ಇಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಸ್ಯಾಂಪಲ್ ಆದ, ಅಂದರೆ ಬೇರೆಯವರು ಕತ್ತರಿಸಿ ತಮ್ಮ ಹಾಡಿಗೆ ಹಾಕಿಕೊಂಡ, ತುಣುಕು ಇದೇ ಅನ್ನುತ್ತಾರೆ. ಅದರಲ್ಲಿ ಅಂಥದ್ದೇನಿದೆ? ನುಡಿಸಿದವರಿಗೆ ಬಿಡಿಗಾಸೂ ಸಿಗಲಿಲ್ಲವಂತೆ, ನಿಜವೇ? ಕನ್ನಡ ರ‍್ಯಾಪ್ ಮಾಡುವ ಗೆಳೆಯನೊಬ್ಬ ಈ ತುಣುಕನ್ನು ತನ್ನ ಹಾಡಿಗೆ ಹಾಕಬೇಕು ಅಂತಿದ್ದಾನೆ. ಹಾಕಬಹುದೇ?

ಉತ್ತರ: ‘ಅತಿ ಹೆಚ್ಚು’ ಎಂಬ ಪಟ್ಟವನ್ನು ಮೊದಲು ಸರಿಮಾಡಿಬಿಡೋಣ. ಎಣಿಕೆಯಲ್ಲಿ ಮುಂದಿರುವುದು ವಿನ್‌ಸ್ಟನ್ಸ್ ತಂಡದ 1969ರ ‘ಆಮೆನ್, ಬ್ರದರ್’ ಹಾಡಿನಲ್ಲಿ ಗ್ರೆಗರಿ ಕೋಲ್ಮನ್ ನುಡಿಸಿದ ನಾಲ್ಕು ಬಾರ್‌ಗಳ (ನಾಲ್ಕೆಣಿಕೆಯ ಒಂದು ಸುತ್ತು ಒಂದು ಬಾರ್) ತುಣುಕು. ‘ಫಂಕಿ ಡ್ರಮ್ಮರ್’ ಕೂಡ ಪಟ್ಟಿಯ ಮೇಲ್ಸಾಲಿನಲ್ಲೇ ಇದೆ, ಸಾವಿರಕ್ಕೂ ಹೆಚ್ಚು ಹಾಡುಗಳಲ್ಲಿ ಸೇರಿಕೊಂಡಿದೆ. ಆದರೆ 1980ರ ದಶಕದ ಕೊನೆಯ ಹಿಪ್‌ಹಾಪ್‌ಗೆ ನಡಿಗೆ ಕೊಟ್ಟದ್ದು ಯಾವುದು ಎಂದು ಕೇಳಿದರೆ, ಉತ್ತರ ಈ ಇಪ್ಪತ್ತು ಸೆಕೆಂಡೇ.

ಧ್ವನಿಮುದ್ರಣ ನಡೆದದ್ದು 1969ರ ನವೆಂಬರ್ 20ರಂದು, ಅಮೆರಿಕದ ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ, ಕಿಂಗ್ ರೆಕಾರ್ಡ್ಸ್‌ನ ಸ್ಟುಡಿಯೋದಲ್ಲಿ. ಡ್ರಮ್ಸ್ ಮೇಲೆ ಕ್ಲೈಡ್ ಸ್ಟಬಲ್‌ಫೀಲ್ಡ್, ಬೇಸ್ ಚಾರ್ಲ್ಸ್ ಶೆರೆಲ್, ಗಿಟಾರ್ ಜಿಮ್ಮಿ ನೋಲೆನ್ ಮತ್ತು ಅಲ್ಫಾನ್ಸೊ ಕೆಲಮ್, ಟ್ರೊಂಬೋನ್ ಫ್ರೆಡ್ ವೆಸ್ಲಿ, ಟೆನರ್ ಸ್ಯಾಕ್ಸೊಫೋನ್ ಮೇಸಿಯೊ ಪಾರ್ಕರ್. ಆರ್ಗನ್ ಬ್ರೌನ್‌ದೇ. ಹಾಡು ಅಂತ ಕರೆಯುತ್ತೇವೆ ಅಷ್ಟೆ, ಹಾಡುಗಾರಿಕೆ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ವರಸೆಯನ್ನು ಇಡೀ ತಂಡ ಸುತ್ತಿ ಸುತ್ತಿ ನುಡಿಸುತ್ತದೆ, ಸ್ಯಾಕ್ಸೊಫೋನ್ ಮತ್ತು ಆರ್ಗನ್ ಸರದಿಯಂತೆ ಮೇಲೆದ್ದು ಇಳಿಯುತ್ತವೆ, ಬ್ರೌನ್ ನಡುನಡುವೆ ವಾದ್ಯಗಾರರ ಜೊತೆ ಮಾತಾಡುತ್ತಾನೆ. ಪೂರ್ತಿ ಆವೃತ್ತಿ ಒಂಬತ್ತು ನಿಮಿಷ ದಾಟುತ್ತದೆ.

ಐದೂವರೆ ನಿಮಿಷದ ಆಸುಪಾಸಿನಲ್ಲಿ ಬ್ರೌನ್ ಉಳಿದವರಿಗೆಲ್ಲ ನಿಲ್ಲಿಸುವಂತೆ ಹೇಳಿ ಡ್ರಮ್ಮರ್‌ಗೆ ಜಾಗ ಬಿಡಿಸುತ್ತಾನೆ. ಡ್ರಮ್ಮರ್‌ಗೆ ಕೊಡುವ ಸೂಚನೆ ಇನ್ನೂ ಮುಖ್ಯ: ಸೋಲೋ ಹೊಡೆಯಬೇಕಾಗಿಲ್ಲ, ಈಗ ಹಿಡಿದಿರುವುದನ್ನೇ ಹಿಡಿದುಕೊಂಡು ಹೋಗು, ಬಿಡಬೇಡ. ನಾಲ್ಕು ಎಣಿಸುತ್ತಾನೆ, ತಂಡ ನಿಲ್ಲುತ್ತದೆ, ಸ್ಟಬಲ್‌ಫೀಲ್ಡ್ ಅಲ್ಲಿಯತನಕ ನುಡಿಸುತ್ತಿದ್ದುದನ್ನೇ ಎಂಟು ಬಾರ್ ನುಡಿಸುತ್ತಾನೆ. ಮತ್ತೆ ಎಲ್ಲರೂ ಸೇರಿಕೊಳ್ಳುತ್ತಾರೆ. ಡ್ರಮ್ಸ್ ಕೇಳಿಸಿಕೊಂಡ ಉಮೇದಿನಲ್ಲಿ ಬ್ರೌನ್ ಆ ಜಾಗದಲ್ಲೇ ಹಾಡಿಗೆ ಹೆಸರಿಟ್ಟು, ಮೂರು ಸಲ ಸಾರಿ ಹೇಳುತ್ತಾನೆ. ಟೇಪ್ ಓಡುತ್ತಿದ್ದಾಗಲೇ ನಾಮಕರಣ ಮುಗಿಯಿತು.

ಡ್ರಮ್ಮರ್‌ಗೆ ಜಾಗ ಬಿಡುವುದು ಬ್ರೌನ್‌ಗೆ ಹೊಸದಲ್ಲ. 1967ರ ‘ಕೋಲ್ಡ್ ಸ್ವೆಟ್’ನಲ್ಲೂ ಇದೇ ಸ್ಟಬಲ್‌ಫೀಲ್ಡ್‌ಗೆ ಹೀಗೆ ಅವಕಾಶ ಸಿಕ್ಕಿತ್ತು. 1965ರ ‘ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್’ನಿಂದ ಶುರುವಾಗಿ ಬ್ರೌನ್‌ನ ತಂಡ ಒಂದೊಂದಾಗಿ ಹಳೆಯ ರೂಢಿಗಳನ್ನು ಕಳಚುತ್ತ ಬಂದಿತ್ತು: ಒತ್ತು ಎರಡು-ನಾಲ್ಕನೆಯ ಎಣಿಕೆಯಿಂದ ಮೊದಲ ಎಣಿಕೆಗೆ ಬಂತು, ಸ್ವರಮೇಳದ ಬದಲಾವಣೆ ಹೆಚ್ಚುಕಡಿಮೆ ನಿಂತುಹೋಯಿತು, ಗಿಟಾರು-ತುತ್ತೂರಿಗಳೆಲ್ಲ ತಾಳವಾದ್ಯದಂತೆ ಚಿಕ್ಕ ಚಿಕ್ಕ ಏಟು ಕೊಡತೊಡಗಿದವು. ಫಂಕ್ ಅಂದರೆ ಇದೇ. ಆ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋದರೆ ಉಳಿಯುವುದು ಡ್ರಮ್ಸ್ ಒಂದೇ.

ಸ್ಟಬಲ್‌ಫೀಲ್ಡ್ 1943ರಲ್ಲಿ ಟೆನೆಸಿಯ ಚಟನೂಗಾದಲ್ಲಿ ಹುಟ್ಟಿದವನು. ಗುರುವಿಲ್ಲದೆ ಕಲಿತವನು. ಊರಿನ ಕಾರ್ಖಾನೆಗಳ ಯಂತ್ರ, ರೈಲಿನ ಸದ್ದು ಇವೇ ಮೊದಲ ಪಾಠ ಎಂದು ಅವನೇ ಹೇಳಿಕೊಂಡಿದ್ದ. 1965ರಲ್ಲಿ ಬ್ರೌನ್ ತಂಡ ಸೇರಿದ. ಅಲ್ಲಿ ಜಾನ್ ‘ಜಾಬೊ’ ಸ್ಟಾರ್ಕ್ಸ್ ಎಂಬ ಇನ್ನೊಬ್ಬ ಡ್ರಮ್ಮರ್ ಕೂಡ ಇದ್ದ. ಜಾಬೊ ನೇರ, ತೂಕದ ಕೈ. ಸ್ಟಬಲ್‌ಫೀಲ್ಡ್ ಸಂದುಗಳನ್ನು ತುಂಬುವ ಕೈ. ನೀವು ‘ಸೆಕ್ಸ್ ಮಷೀನ್’ ಹಾಗೂ ‘ಫಂಕಿ ಡ್ರಮ್ಮರ್’ ಒಂದಾದ ಮೇಲೊಂದು ಕೇಳಿದರೆ ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ.

ಹಾಡು 1970ರ ಮಾರ್ಚ್‌ನಲ್ಲಿ ಎರಡು ಭಾಗವಾಗಿ ಕತ್ತರಿಸಿ, ಏಳಿಂಚಿನ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ತಟ್ಟೆಯ ಎರಡು ಮಗ್ಗುಲಿಗೆ ಹಂಚಿ ಹೊರಬಂತು. ಬಿಲ್‌ಬೋರ್ಡ್ ಪತ್ರಿಕೆಯ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಪಟ್ಟಿಯಲ್ಲಿ 20ನೆಯ, ಪಾಪ್ ಪಟ್ಟಿಯಲ್ಲಿ 51ನೆಯ ಸ್ಥಾನ. ಬ್ರೌನ್‌ನ ಮಟ್ಟಿಗೆ ಅದು ಸಾಧಾರಣ ಫಲಿತಾಂಶ. ಅದೇ ತಿಂಗಳು ಸಂಬಳ-ಸವಲತ್ತಿನ ಜಗಳದಲ್ಲಿ ತಂಡದ ಬಹುಪಾಲು ಜನ ಹೊರಬಿದ್ದರು, ಬೂಟ್ಸಿ ಕಾಲಿನ್ಸ್ ಮತ್ತವನ ಅಣ್ಣ ಒಳಬಂದರು, ಬ್ರೌನ್‌ನ ಸಂಗೀತವೇ ಬೇರೆ ಮಗ್ಗುಲಿಗೆ ಹೊರಳಿತು. ‘ಫಂಕಿ ಡ್ರಮ್ಮರ್’ ಯಾವ ಆಲ್ಬಮ್‌ಗೂ ಸೇರದೆ ಹದಿನಾರು ವರ್ಷ ಉಳಿಯಿತು.

ಇಷ್ಟರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಡಿಜೆಗಳು ಒಂದು ಸಂಗತಿ ಗಮನಿಸಿದ್ದರು: ಕುಣಿಯುವವರು ಕಾಯುವುದು ಹಾಡಿಗಲ್ಲ, ಹಾಡಿನೊಳಗೆ ಡ್ರಮ್ಸ್ ಮಾತ್ರ ಉಳಿಯುವ ಆ ಕೆಲವು ಕ್ಷಣಕ್ಕೆ. 1973ರಿಂದ ಕೂಲ್ ಹರ್ಕ್ ಒಂದೇ ತಟ್ಟೆಯ ಎರಡು ಪ್ರತಿ ಇಟ್ಟುಕೊಂಡು ಆ ಕ್ಷಣವನ್ನೇ ಹಿಗ್ಗಿಸತೊಡಗಿದ. ಆ ತುಣುಕಿಗೆ ಬ್ರೇಕ್ ಎಂಬ ಹೆಸರು ನಿಂತಿತು. ಇದನ್ನೇ ಯಂತ್ರಕ್ಕೆ ಒಪ್ಪಿಸುವ ಕಾಲ 1980ರ ದಶಕದ ನಡುವಿನಲ್ಲಿ ಬಂತು. 1986ರಲ್ಲಿ ‘ಇನ್ ದ ಜಂಗಲ್ ಗ್ರೂವ್’ ಎಂಬ ಸಂಕಲನದಲ್ಲಿ ‘ಫಂಕಿ ಡ್ರಮ್ಮರ್’ ಪೂರ್ತಿಯಾಗಿ ಬಂತು. ಜೊತೆಗೆ, ಡ್ಯಾನಿ ಕ್ರಿವಿಟ್ ಎಂಬ ಡಿಜೆ ಬ್ರೇಕನ್ನು ಜೋಡಿಸಿ ಮೂರು ನಿಮಿಷದಷ್ಟು ಉದ್ದ ಮಾಡಿದ ಬೇರೊಂದು ಆವೃತ್ತಿಯೂ ಇತ್ತು. ಹಳೇ ಸಿಂಗಲ್ ಹುಡುಕುತ್ತ ಅಂಗಡಿ ಅಂಗಡಿ ಅಲೆಯುವ ಕೆಲಸ ತಪ್ಪಿತು. ನನ್ನ ದೃಷ್ಟಿಯಲ್ಲಿ ಈ ಹಾಡಿನ ಎರಡನೆಯ ಹುಟ್ಟು 1986ರದ್ದೇ, ಮೊದಲನೆಯದಕ್ಕಿಂತ ದೊಡ್ಡದು.

ಮರುವರ್ಷ ಬಂದ ಇ-ಮ್ಯೂ ಎಸ್‌ಪಿ-1200 ಎಂಬ ಸ್ಯಾಂಪ್ಲರ್‌ನಲ್ಲಿ (ಸದ್ದಿನ ತುಣುಕು ಹಿಡಿದಿಟ್ಟು ಮತ್ತೆ ನುಡಿಸುವ ಯಂತ್ರ) ಒಟ್ಟು ಹತ್ತು ಸೆಕೆಂಡಿನ ನೆನಪು, ಅಂದರೆ ಮೆಮೊರಿ. ಒಂದು ಸ್ಯಾಂಪಲ್ ಎರಡೂವರೆ ಸೆಕೆಂಡು ಮೀರುವಂತಿರಲಿಲ್ಲ. ‘ಫಂಕಿ ಡ್ರಮ್ಮರ್’ನ ವೇಗ ನಿಮಿಷಕ್ಕೆ ಸುಮಾರು 101 ಎಣಿಕೆ. ಅಂದರೆ ನಾಲ್ಕೆಣಿಕೆಯ ಒಂದು ಬಾರ್‌ಗೆ 2.38 ಸೆಕೆಂಡು. ಅಳೆದು ಹೊಲಿಸಿದ ಹಾಗೆ ಒಂದು ಬಾರ್ ಒಳಗೆ ಕೂರುತ್ತದೆ. ಜಾಣರು ಇನ್ನೂ ಮುಂದೆ ಹೋದರು: 33 ಆರ್‌ಪಿಎಂ ತಟ್ಟೆಯನ್ನು 45ರಲ್ಲಿ ಓಡಿಸಿ ಸ್ಯಾಂಪಲ್ ಮಾಡಿದರೆ ಅದೇ ಬಾರ್ 1.76 ಸೆಕೆಂಡಿಗೆ ಕುಗ್ಗುತ್ತದೆ, ಆಮೇಲೆ ಯಂತ್ರದೊಳಗೆ ಶ್ರುತಿ ಇಳಿಸಿ ವೇಗವನ್ನು ಮತ್ತೆ ಮೊದಲಿನಂತೆ ಮಾಡಬಹುದು. ಹೀಗೆ ಇಳಿಸುವಾಗ 12 ಬಿಟ್‌ನ ಆ ಯಂತ್ರ ಸದ್ದಿಗೆ ಒಂದು ಒರಟುತನ ಸೇರಿಸುತ್ತದೆ. ನೆನಪು ಉಳಿಸಲು ಹೂಡಿದ ಉಪಾಯವೇ ಒಂದು ಕಾಲದ ನಾದವಾಯಿತು.

ಬ್ರೌನ್‌ನ ‘ಸೋಲೋ ಬೇಡ’ ಎಂಬ ಸೂಚನೆಯ ಬೆಲೆ ಇಲ್ಲಿ ತಿಳಿಯುತ್ತದೆ. ಸ್ಟಬಲ್‌ಫೀಲ್ಡ್ ಅವತ್ತು ಕೈಚಳಕ ತೋರಿಸಿ ಟಾಮ್ ಎಂಬ ಉಳಿದ ಡ್ರಮ್‌ಗಳ ಮೇಲೆಲ್ಲ ಓಡಾಡಿದ್ದರೆ, ಚಪ್ಪಾಳೆ ಬೀಳುತ್ತಿತ್ತು, ಸುತ್ತಿ ಸುತ್ತಿ ಬರುವ ಲೂಪ್ ಆಗುತ್ತಿರಲಿಲ್ಲ. ಒಂದು ಬಾರ್‌ನ ಕೊನೆ ಇನ್ನೊಂದರ ಮೊದಲಿಗೆ ಸಂದು ಕಾಣದಂತೆ ಕೂಡಿಕೊಳ್ಳುವುದು ಅವನು ಏನನ್ನೂ ಬದಲಿಸದೆ ನುಡಿಸಿದ್ದಕ್ಕೆ. ಹಾಗೆಂದು ಎಂಟೂ ಬಾರ್ ತದ್ರೂಪವಲ್ಲ. ಮೆಲುಏಟುಗಳ ತೂಕ ಬಾರ್‌ನಿಂದ ಬಾರ್‌ಗೆ ಚೂರು ಚೂರು ಸರಿಯುತ್ತದೆ. ನಡುವೆ ಬ್ರೌನ್‌ನ ಉದ್ಗಾರಗಳೂ ಬರುತ್ತವೆ. ಅದಕ್ಕೇ ನಿರ್ಮಾಪಕರು ದನಿಯಿಲ್ಲದ ಬಾರ್‌ಗಳನ್ನು ಹುಡುಕಿ ಕತ್ತರಿಸಿಕೊಂಡರು. ಬೇಸ್ ಇಲ್ಲ, ತುತ್ತೂರಿ ಇಲ್ಲ. ಆದ್ದರಿಂದ ಯಾವ ಶ್ರುತಿಯ ಹಾಡಿನ ಕೆಳಗೂ ಇದನ್ನು ಹಾಸಬಹುದು.

ಹಾಸಿದವರ ಪಟ್ಟಿ ದೊಡ್ಡದು. ಪಬ್ಲಿಕ್ ಎನಿಮಿಯ 1987ರ ‘ರೆಬೆಲ್ ವಿದೌಟ್ ಎ ಪಾಜ್’ ಮತ್ತು 1989ರ ‘ಫೈಟ್ ದ ಪವರ್’, ಎರಿಕ್ ಬಿ ಮತ್ತು ರಕೀಮ್‌ನ 1988ರ ‘ಲಿರಿಕ್ಸ್ ಆಫ್ ಫ್ಯೂರಿ’, ಎಲ್‌ಎಲ್ ಕೂಲ್ ಜೆಯ 1990ರ ‘ಮಾಮಾ ಸೆಡ್ ನಾಕ್ ಯು ಔಟ್’, ಡಾಕ್ಟರ್ ಡ್ರೇಯ ‘ಲೆಟ್ ಮಿ ರೈಡ್’. ಹಿಪ್‌ಹಾಪ್‌ನ ಆಚೆಗೂ ಹೋಯಿತು: ಜಾರ್ಜ್ ಮೈಕಲ್‌ನ ‘ಫ್ರೀಡಂ! 90’ರ ಕೆಳಗೆ ಇದೆ, ಸಿನೇಡ್ ಓ’ಕಾನರ್ ಐರ್ಲೆಂಡಿನ ಹಳೆಯ ಶೋಕಗೀತೆಯೊಂದನ್ನು ಹೆಚ್ಚುಕಡಿಮೆ ಈ ಬೀಟ್ ಒಂದರ ಮೇಲೆಯೇ ಹಾಡಿದ್ದಾಳೆ. ಇವುಗಳಲ್ಲಿ ಒಂದನ್ನೇ ಕೇಳಲು ಪುರುಸೊತ್ತಿದ್ದರೆ ಓ’ಕಾನರ್‌ಳದ್ದನ್ನು ಕೇಳಿ. ಉಳಿದವುಗಳಲ್ಲಿ ಬೀಟಿನ ಮೇಲೆ ಹತ್ತು ಪದರ ಸದ್ದು ಪೇರಿಸಿರುತ್ತಾರೆ. ಇಲ್ಲಿ ಒಂದೊಂದು ಏಟೂ ಕಿವಿಗೆ ಸಿಗುತ್ತದೆ.

ಈಗ ನಿಮ್ಮ ಕೈಗೆ ಬರೋಣ. ನಮ್ಮಲ್ಲಿ ಕೊನ್ನಕ್ಕೋಲ್ (ಬಾಯಲ್ಲಿ ತಾಳದ ಸೊಲ್ಲು ಹೇಳುವುದು) ಅಥವಾ ಮೃದಂಗದ ಪಾಠ ಕೇಳಿದವರಿಗೆ ಇದನ್ನು ಹಿಡಿಯುವುದು ಸುಲಭ. ಚತುರಶ್ರ ನಡೆಯಲ್ಲಿ ಒಂದು ಎಣಿಕೆಗೆ ತ-ಕ-ಧಿ-ಮಿ, ನಾಲ್ಕು ಎಣಿಕೆಗೆ ಹದಿನಾರು ಅಕ್ಷರ. ಬಲಗೈ ಹೈ-ಹ್ಯಾಟ್ (ಎಡಗಾಲಿನ ಪೆಡಲಿನಿಂದ ತೆರೆದು ಮುಚ್ಚುವ ಜೋಡಿ ತಟ್ಟೆ) ಮೇಲೆ ಹದಿನಾರನ್ನೂ ಬಿಡದೆ ನುಡಿಸುತ್ತದೆ. ಉಳಿದದ್ದು ಹೀಗೆ. ಮೊದಲ ಎಣಿಕೆಯಲ್ಲಿ ‘ತ’ ಮತ್ತು ‘ಧಿ’ಗೆ ಕಿಕ್ (ಕಾಲಿನಿಂದ ನುಡಿಸುವ ದೊಡ್ಡ ಡ್ರಮ್). ಎರಡನೆಯದರಲ್ಲಿ ‘ತ’ಗೆ ಸ್ನೇರ್‌ನ (ಕೆಳಗೆ ತಂತಿ ಕಟ್ಟಿದ ಚಿಕ್ಕ ಡ್ರಮ್) ದೊಡ್ಡ ಏಟು, ‘ಮಿ’ಗೆ ಸ್ನೇರ್‌ನ ಮೆಲುಏಟು, ಅದೇ ‘ಮಿ’ಯಲ್ಲಿ ಹೈ-ಹ್ಯಾಟ್ ತೆರೆಯಬೇಕು. ಮೂರನೆಯದರಲ್ಲಿ ‘ತ’ಗೆ ಹೈ-ಹ್ಯಾಟ್ ಬಿಟ್ಟರೆ ಏನೂ ಇಲ್ಲ, ‘ಕ’ಗೆ ಮೆಲುಏಟು, ‘ಧಿ’ಗೆ ಕಿಕ್, ‘ಮಿ’ಗೆ ಮತ್ತೆ ಮೆಲುಏಟು. ನಾಲ್ಕನೆಯದರಲ್ಲಿ ‘ತ’ಗೆ ದೊಡ್ಡ ಸ್ನೇರ್, ‘ಕ’ಗೆ ಕಿಕ್ ಮತ್ತು ತೆರೆದ ಹೈ-ಹ್ಯಾಟ್ ಒಟ್ಟಿಗೆ, ‘ಮಿ’ಗೆ ಮೆಲುಏಟು. ಒಟ್ಟು ನಾಲ್ಕು ಕಿಕ್, ಎರಡು ದೊಡ್ಡ ಸ್ನೇರ್, ನಾಲ್ಕು ಮೆಲುಏಟು, ಎರಡು ಸಲ ತೆರೆಯುವ ಹೈ-ಹ್ಯಾಟ್.

ಮೊದಲ ಎರಡು ಎಣಿಕೆಗೂ ಕೊನೆಯ ಎರಡಕ್ಕೂ ಇರುವ ವ್ಯತ್ಯಾಸ ನೋಡಿ. ಮೊದಲರ್ಧ ಸರಳ, ನೆಲಕ್ಕೆ ಕಾಲೂರಿದ ನಡೆ. ಮೂರನೆಯ ಎಣಿಕೆಯ ತಲೆಯಲ್ಲಿ ಕಿಕ್ಕೂ ಇಲ್ಲ, ಸ್ನೇರೂ ಇಲ್ಲ. ಅಲ್ಲಿಂದಾಚೆ ಭಾರವೆಲ್ಲ ಎಣಿಕೆಗಳ ನಡುವಿನ ಅಕ್ಷರಗಳಿಗೆ ಸರಿಯುತ್ತದೆ. ನಾಲ್ಕನೆಯ ‘ಕ’ದ ಮೇಲೆ ಬೀಳುವ ಕಿಕ್ಕು ಈ ಬೀಟಿನ ಕೊಂಡಿ. ಕಲಿಯುವವರು ಹೆಚ್ಚಾಗಿ ಎಡವುವುದೂ ಇಲ್ಲೇ. ಕಾಲು ತಾನಾಗಿ ಅದನ್ನು ‘ತ’ಗೆ ಎಳೆದುಕೊಳ್ಳುತ್ತದೆ, ಇಲ್ಲವೇ ‘ಧಿ’ಗೆ ತಳ್ಳುತ್ತದೆ. ಎರಡರಲ್ಲಿ ಯಾವುದಾದರೂ ಬೀಟು ಮದುವೆ ಬ್ಯಾಂಡಿನ ಮಟ್ಟಕ್ಕೆ ಇಳಿಯುತ್ತದೆ. ನಾಲ್ಕನೆಯ ಎಣಿಕೆಯೊಂದನ್ನೇ ತೆಗೆದುಕೊಂಡು, ಸ್ನೇರ್-ಕಿಕ್ ಎಂದು ಒಂದರ ಹಿಂದೊಂದು ಅಂಟಿಕೊಂಡು ಬರುವ ಜೋಡಿಯನ್ನು ನಿಮಿಷಕ್ಕೆ 60 ಎಣಿಕೆಯಲ್ಲಿ ಐದು ನಿಮಿಷ ನುಡಿಸಿ. ಬಾಯಲ್ಲಿ ತಕಧಿಮಿ ನಿಲ್ಲಬಾರದು.

ಬರೆದಂತೆ ನುಡಿಸಿದರೂ ಹಾಡಿನಂತೆ ಕೇಳುತ್ತಿಲ್ಲ ಎಂದಿರಲ್ಲ, ಅದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಮೆಲುಏಟು. ಇದನ್ನು ಘೋಸ್ಟ್ ನೋಟ್ ಅನ್ನುತ್ತಾರೆ. ಪುಸ್ತಕದಲ್ಲಿ ಕಂಸದೊಳಗೆ ಬರೆದಿರುತ್ತದೆ, ಕಣ್ಣು ಕಂಸವನ್ನು ಮರೆತು ಏಟನ್ನಷ್ಟೇ ಓದುತ್ತದೆ. ದೊಡ್ಡ ಏಟಿಗೆ ಕೋಲು ಚರ್ಮದಿಂದ 20-25 ಸೆಂಟಿಮೀಟರ್ ಮೇಲಿಂದ ಬಂದರೆ, ಮೆಲುಏಟಿಗೆ ಎರಡು-ಮೂರು ಸೆಂಟಿಮೀಟರ್ ಸಾಕು. ಕೈ ಬೀಸುವುದೇ ಬೇಡ, ಕೋಲನ್ನು ಬೀಳಲು ಬಿಟ್ಟರೆ ಆಯಿತು. ನಾಲ್ಕು ಹೆಜ್ಜೆ ದೂರ ಕೂತವರಿಗೆ ಅದು ಬಿಡಿಯಾಗಿ ಕೇಳಬಾರದು. ತೆಗೆದುಬಿಟ್ಟರೆ ಮಾತ್ರ ಏನೋ ಕಡಿಮೆಯಾಯಿತು ಅನ್ನಿಸಬೇಕು.

ಕಷ್ಟದ ಜಾಗ ಒಂದಿದೆ, ಅದನ್ನು ಹತ್ತಿರದಿಂದ ನೋಡಿ: ಮೂರನೆಯ ಎಣಿಕೆಯ ‘ಮಿ’ಯಿಂದ ನಾಲ್ಕನೆಯ ‘ತ’. ಮೆಲುಏಟು ಬಿದ್ದ ಮರು ಅಕ್ಷರಕ್ಕೇ ದೊಡ್ಡ ಏಟು, ಅದೂ ಅದೇ ಎಡಗೈಯಲ್ಲಿ. 101ರ ವೇಗದಲ್ಲಿ ಎರಡರ ನಡುವೆ ಇರುವುದು ಸೆಕೆಂಡಿನ ಏಳನೆಯ ಒಂದು ಭಾಗಕ್ಕೂ ತುಸು ಹೆಚ್ಚು, ಸುಮಾರು 150 ಮಿಲಿಸೆಕೆಂಡು. ಅಷ್ಟರೊಳಗೆ ಕೋಲಿನ ತುದಿ ಎರಡು ಸೆಂಟಿಮೀಟರಿನಿಂದ ಇಪ್ಪತ್ತಕ್ಕೆ ಎದ್ದು ಮತ್ತೆ ಕೆಳಗೆ ಬರಬೇಕು. ಮೊದಲೇ ಎತ್ತಿಟ್ಟುಕೊಂಡರೆ ಮೆಲುಏಟು ಜೋರಾಗುತ್ತದೆ. ತಡವಾಗಿ ಎತ್ತಿದರೆ ದೊಡ್ಡ ಏಟು ಪೇಲವವಾಗುತ್ತದೆ. ಸಾಧನೆ ಹೀಗಿರಲಿ: ಮೆಲುಏಟು ಹೊಡೆಯುತ್ತಲೇ ಮಣಿಕಟ್ಟನ್ನು ಮೇಲಕ್ಕೆ ಎಳೆಯಿರಿ, ಅಂದರೆ ಕೋಲಿನ ತುದಿ ಚರ್ಮ ಮುಟ್ಟುವ ಹೊತ್ತಿಗೆ ಮಣಿಕಟ್ಟು ಆಗಲೇ ಏರತೊಡಗಿರಬೇಕು. ಹೈ-ಹ್ಯಾಟ್, ಕಿಕ್ ಎಲ್ಲ ಬಿಟ್ಟು ಎಡಗೈ ಒಂದನ್ನೇ, 50ರ ವೇಗದಲ್ಲಿ. ಎಡಗೈ ಒಪ್ಪಿದ ಮೇಲೆ ಬಲಗೈ ಸೇರಿಸಿ. ಕಾಲು ಕೊನೆಗೆ.

ಇನ್ನು ಹೈ-ಹ್ಯಾಟ್. 100ರ ವೇಗದಲ್ಲಿ ಒಂದೇ ಕೈಯಲ್ಲಿ ಹದಿನಾರು ಎಂದರೆ ಸೆಕೆಂಡಿಗೆ ಆರೇಳು ಏಟು. ಒಂದೆರಡು ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ. ಆಗ ಬಹಳ ಜನ ಎರಡೂ ಕೈಯಿಂದ ಹೈ-ಹ್ಯಾಟ್ ನುಡಿಸಿ ತಪ್ಪಿಸಿಕೊಳ್ಳುತ್ತಾರೆ. ಹಾಗೆ ಮಾಡಿದರೆ ‘ಕ’ ಮತ್ತು ‘ಮಿ’ಗಳಲ್ಲಿ ಎಡಗೈ ಸ್ನೇರ್ ಮೇಲೆ ಇರುವುದಿಲ್ಲ, ಮೆಲುಏಟು ಅಷ್ಟೂ ಹೋಯಿತು, ಬೀಟೂ ಹೋಯಿತು. ಬದಲಿಗೆ ಬಲಗೈಗೆ ಎರಡೆರಡು ಅಕ್ಷರದ ಉಯ್ಯಾಲೆ ಕಲಿಸಿ: ‘ತ’ ಮತ್ತು ‘ಧಿ’ಗೆ ಮಣಿಕಟ್ಟು ಇಳಿಯುತ್ತ ಕೋಲಿನ ಮೈ ಹೈ-ಹ್ಯಾಟಿನ ಅಂಚಿಗೆ ತಾಗಲಿ, ‘ಕ’ ಮತ್ತು ‘ಮಿ’ಗೆ ಮಣಿಕಟ್ಟು ಏರುತ್ತ ಕೋಲಿನ ತುದಿ ಮೇಲ್ಮೈಗೆ ತಾಗಲಿ. ಎರಡು ಏಟಿಗೆ ಒಂದೇ ಚಲನೆ, ಅರ್ಧ ದಣಿವು. ಜೊತೆಗೆ ಸದ್ದಿಗೆ ಒಂದು ಏರಿಳಿತ ಬರುತ್ತದೆ, ಅದು ಈ ಬೀಟಿಗೆ ಬೇಕೇ ಬೇಕು. ವಾರಕ್ಕೆ ನಾಲ್ಕೈದು ಎಣಿಕೆಗಿಂತ ಹೆಚ್ಚು ವೇಗ ಏರಿಸಬೇಡಿ.

ತೆರೆದ ಹೈ-ಹ್ಯಾಟ್‌ನಲ್ಲಿ ತಪ್ಪುವುದು ತೆರೆಯುವ ಹೊತ್ತಲ್ಲ, ಮುಚ್ಚುವ ಹೊತ್ತು. ಎರಡನೆಯ ಎಣಿಕೆಯ ‘ಮಿ’ಗೆ ತೆರೆದದ್ದು ಮೂರನೆಯ ‘ತ’ಗೆ ಸರಿಯಾಗಿ ಮುಚ್ಚಬೇಕು. ಆ ‘ತ’ದಲ್ಲಿ ಕಿಕ್ಕೂ ಸ್ನೇರೂ ಇಲ್ಲ ಎಂದೆನಲ್ಲ, ಅಲ್ಲಿ ಎಣಿಕೆಯನ್ನು ಹೇಳುವುದು ಎಡಗಾಲು ಮುಚ್ಚುವ ಆ ‘ಚಪ್’ ಸದ್ದೇ. ತಡವಾದರೆ ಬಾರ್‌ನ ನಡು ಸೋರಿಹೋಗುತ್ತದೆ. ಪೆಡಲನ್ನು ಪೂರ್ತಿ ಎತ್ತಬೇಡಿ, ಎರಡು ತಟ್ಟೆಗಳ ನಡುವೆ ಅರ್ಧ ಸೆಂಟಿಮೀಟರ್ ಸಾಕು.

ಸ್ನೇರ್‌ನ ಚರ್ಮವನ್ನು ಮಧ್ಯಮಕ್ಕಿಂತ ಸ್ವಲ್ಪ ಬಿಗಿಯಾಗಿ ಕಟ್ಟಿ. ಕೆಳಗಿನ ತಂತಿಗಳನ್ನು ಮಾತ್ರ ಎಳೆದು ಬಿಗಿ ಮಾಡಬೇಡಿ: ದೊಡ್ಡ ಏಟು ಚೆನ್ನಾಗೇ ಕೇಳುತ್ತದೆ, ಮೆಲುಏಟಿಗೆ ತಂತಿ ನಡುಗುವುದಿಲ್ಲ, ಬರೀ ಟಕ್ ಅನ್ನುತ್ತದೆ. ಬೆರಳಲ್ಲಿ ಮೆಲ್ಲಗೆ ತಟ್ಟಿದಾಗ ತಂತಿ ದನಿಗೂಡಿಸಬೇಕು, ಆ ಹಂತಕ್ಕೆ ನಿಲ್ಲಿಸಿ.

ಮತ್ತೊಂದು: ನುಡಿಸುತ್ತ ಐದನೆಯ-ಆರನೆಯ ಬಾರ್‌ಗೆ ಬಂದಾಗ ಕೈ ತುರಿಸುತ್ತದೆ, ಎಂಟನೆಯದರ ಕೊನೆಗೆ ಒಂದು ರೋಲ್ ಹಾಕಿ ಮುಗಿಸೋಣ ಅನ್ನಿಸುತ್ತದೆ. ಹಾಕಬೇಡಿ. ಫೋನಿನಲ್ಲಿ ಮೂರು ನಿಮಿಷ ರೆಕಾರ್ಡ್ ಮಾಡಿ, ಮೊದಲ ಬಾರ್ ಹಾಗೂ ಕೊನೆಯ ಬಾರನ್ನು ಹೋಲಿಸಿ ನೋಡಿ. ವೇಗ ಏರಿದ್ದರೆ ಬಲಗೈ ಬಿಗಿಯಾಗಿತ್ತು ಎಂದರ್ಥ. ಇಳಿದಿದ್ದರೆ ಎಡಗಾಲು.

ಕೇಳುವುದಕ್ಕೆ ‘ಇನ್ ದ ಜಂಗಲ್ ಗ್ರೂವ್’ನ ಪೂರ್ಣ ಆವೃತ್ತಿಯನ್ನೇ ಹುಡುಕಿ. ಭಾಗ ಒಂದು ಎಂದು ಸಿಗುವುದರಲ್ಲಿ ಬ್ರೇಕ್ ಇರುವುದಿಲ್ಲ, ಅದು ಎರಡನೆಯ ಭಾಗದಲ್ಲಿದೆ. ಕ್ರಿವಿಟ್ ಜೋಡಿಸಿದ್ದು ಅಭ್ಯಾಸಕ್ಕೆ ಅನುಕೂಲ, ಆದರೆ ಅಲ್ಲಿ ಬಾರ್‌ಗಳು ಕತ್ತರಿಸಿ ಅಂಟಿಸಿದವು. ಉಸಿರಿನ ಏರಿಳಿತ ತಿಳಿಯುವುದು ಮೂಲದಲ್ಲೇ.

ದುಡ್ಡಿನ ಮಾತು. ರಾಯಲ್ಟಿಯ ಲೆಕ್ಕದಲ್ಲಿ ಹೇಳುವುದಾದರೆ ನೀವು ಕೇಳಿದ್ದು ನಿಜ. ಒಂದು ಹಾಡಿನಲ್ಲಿ ಕಾನೂನಿನ ಕಣ್ಣಿಗೆ ಎರಡು ಆಸ್ತಿ ಇರುತ್ತವೆ: ರಚನೆ, ಮತ್ತು ಆ ರಚನೆಯ ಧ್ವನಿಮುದ್ರಣ. ‘ಫಂಕಿ ಡ್ರಮ್ಮರ್’ನ ರಚನೆಕಾರ ಎಂದು ದಾಖಲಾದದ್ದು ಜೇಮ್ಸ್ ಬ್ರೌನ್ ಒಬ್ಬನ ಹೆಸರು. ಧ್ವನಿಮುದ್ರಣ ಕಂಪನಿಯದ್ದು: ಕಿಂಗ್‌ನಿಂದ 1971ರಲ್ಲಿ ಪಾಲಿಡಾರ್‌ಗೆ ಹೋಯಿತು, ಈಗ ಯೂನಿವರ್ಸಲ್ ಬಳಿ ಇದೆ. ಬೀಟನ್ನು ಯಾರೂ ಹೇಳಿಕೊಡದೆ, ಬರೆದುಕೊಡದೆ, ಸ್ಟುಡಿಯೋದಲ್ಲಿ ಕೂತು ಕಟ್ಟಿದವನು ಸ್ಟಬಲ್‌ಫೀಲ್ಡ್. ಆದರೆ ಡ್ರಮ್ಸ್ ವರಸೆಯನ್ನು ರಚನೆಯ ಪಾಲು ಎಂದು ಲೆಕ್ಕಕ್ಕೆ ಹಿಡಿಯುವ ರೂಢಿಯೇ ಆಗ ಇರಲಿಲ್ಲ. ಕೂಲಿಯಷ್ಟೇ ಅವನ ಪಾಲು. ಹಾಡಿನ ಹೆಸರಿನಲ್ಲಿ ಇರುವುದು ಅವನು, ಸಹಿಯಲ್ಲಿ ಇಲ್ಲ.

1971ರಿಂದ ಅವನು ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ನೆಲೆಸಿ, ಊರಿನ ಕ್ಲಬ್ಬುಗಳಲ್ಲಿ ದಶಕಗಟ್ಟಲೆ ನುಡಿಸುತ್ತಿದ್ದ. 2000ದ ಹೊತ್ತಿಗೆ ಮೂತ್ರಕೋಶದ ಕ್ಯಾನ್ಸರ್ ಬಂದಾಗ ವಿಮೆ ಇರಲಿಲ್ಲ. ಆಸ್ಪತ್ರೆಯ ಬಿಲ್ಲನ್ನು, ಸುಮಾರು 90 ಸಾವಿರ ಡಾಲರ್, ಸದ್ದಿಲ್ಲದೆ ಕಟ್ಟಿದವನು ಗಾಯಕ ಪ್ರಿನ್ಸ್; ಅದು ಹೊರಗೆ ಗೊತ್ತಾದದ್ದು 2016ರಲ್ಲಿ, ಪ್ರಿನ್ಸ್ ತೀರಿಕೊಂಡ ಮೇಲೆ. 2009ರ ‘ಕಾಪಿರೈಟ್ ಕ್ರಿಮಿನಲ್ಸ್’ ಸಾಕ್ಷ್ಯಚಿತ್ರಕ್ಕಾಗಿ ಸ್ಟಬಲ್‌ಫೀಲ್ಡ್ ಸುಲಭ ಷರತ್ತಿನ ಪರವಾನಗಿಯಡಿ ಸ್ಯಾಂಪಲ್ ಮಾಡಿಕೊಳ್ಳಲೆಂದೇ ಒಂದಷ್ಟು ಬೀಟುಗಳನ್ನು ನುಡಿಸಿಕೊಟ್ಟ. 2017ರ ಫೆಬ್ರವರಿ 18ರಂದು ಮೂತ್ರಪಿಂಡ ವೈಫಲ್ಯದಿಂದ ತೀರಿಕೊಂಡ. ಬಾಕಿಯಂತೂ ತೀರಲಿಲ್ಲ.

ಸ್ಯಾಂಪಲ್ ಮಾಡಿದವರ ಬಿಡುಬೀಸಿನ ಕಾಲವೂ ಹೆಚ್ಚು ದಿನ ನಡೆಯಲಿಲ್ಲ. 1991ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯವೊಂದು ರ‍್ಯಾಪರ್ ಬಿಜ್ ಮಾರ್ಕಿಯ ಪ್ರಕರಣದಲ್ಲಿ, ಕದಿಯಬಾರದು ಎಂಬ ಬೈಬಲ್‌ನ ಆಜ್ಞೆಯಿಂದಲೇ ತೀರ್ಪು ಶುರುಮಾಡಿತು. ಅಲ್ಲಿಂದ ಒಂದೊಂದು ತುಣುಕಿಗೂ ಮುಂಚೆ ಅನುಮತಿ, ಮುಂಗಡ ಹಣ. ಹತ್ತು-ಹದಿನೈದು ತುಣುಕು ಪೇರಿಸಿ ಹಾಡು ಕಟ್ಟುವುದು ಪೂರೈಸುವ ಕೆಲಸವಾಗಿ ಉಳಿಯಲಿಲ್ಲ. 2005ರಲ್ಲಿ ಇನ್ನೊಂದು ಅಮೆರಿಕನ್ ಮೇಲ್ಮನವಿ ನ್ಯಾಯಾಲಯ, ಫಂಕಡೆಲಿಕ್ ತಂಡದ ಎರಡು ಸೆಕೆಂಡಿನ ಗಿಟಾರ್ ತುಣುಕಿಗೂ ಪರವಾನಗಿ ಬೇಕು ಎಂದಿತು. 2016ರಲ್ಲಿ ಬೇರೊಂದು ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಅಲ್ಲಿ ಈ ಗೊಂದಲ ಹಾಗೇ ಇದೆ.

ನಿಮ್ಮ ಗೆಳೆಯ ಇರುವುದು ಇಲ್ಲಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಒಂದು ಧ್ವನಿಮುದ್ರಣವನ್ನು ಒಳಗೊಂಡ ಇನ್ನೊಂದು ಧ್ವನಿಮುದ್ರಣ ಮಾಡುವ ಹಕ್ಕು ಅದರ ಮಾಲೀಕರದ್ದು. ಪ್ರಕಟವಾದ ಮರುವರ್ಷದಿಂದ 60 ವರ್ಷ ಅದು ನಡೆಯುತ್ತದೆ. ಅಮೆರಿಕದಲ್ಲಂತೂ ಈ ಮುದ್ರಣಕ್ಕೆ 2067ರ ಫೆಬ್ರವರಿ ತನಕ ರಕ್ಷಣೆ ಇದೆ. ಆದ್ದರಿಂದ ಮೂಲ ತುಣುಕನ್ನು ನೇರವಾಗಿ ಹಾಕಬೇಕೆಂದರೆ ಎರಡು ಅನುಮತಿ ಬೇಕು: ಮುದ್ರಣಕ್ಕೆ ಯೂನಿವರ್ಸಲ್‌ನದ್ದು, ರಚನೆಗೆ ಅದರ ಪ್ರಕಾಶಕರದ್ದು. ಸ್ವತಂತ್ರವಾಗಿ ಹಾಡು ಮಾಡುವ ಹುಡುಗನಿಗೆ ಆ ಖರ್ಚು ಕೈಗೆಟುಕುವಂಥದ್ದಲ್ಲ. ಐದು ಸೆಕೆಂಡಿನೊಳಗೆ ಇದ್ದರೆ ಪರವಾಗಿಲ್ಲ, ಎಂಟು ಸೆಕೆಂಡಿನೊಳಗೆ ಇದ್ದರೆ ಪರವಾಗಿಲ್ಲ ಎಂದು ಓಡಾಡುವ ಮಾತಿಗೆ ಕಾಯ್ದೆಯಲ್ಲಿ ಆಧಾರವಿಲ್ಲ. ಶ್ರುತಿ ಇಳಿಸಿ, ವೇಗ ಬದಲಿಸಿ ಹಾಕಿದರೆ ಯೂಟ್ಯೂಬ್‌ಗೆ ಗೊತ್ತಾಗಲ್ಲ ಎಂದು ನಂಬಿಕೊಂಡೂ ಕೂರಬೇಡಿ. ಹಾಡು ಹೆಸರು ಮಾಡಿದ ದಿನವೇ ಗೊತ್ತಾಗುವುದು. ‘ರಾಯಲ್ಟಿ-ಫ್ರೀ’ ಎಂದು ಮಾರುವ ಲೂಪ್ ಕಟ್ಟುಗಳಲ್ಲಿ ಮೂಲದಿಂದ ಎತ್ತಿದ ತುಣುಕಿದ್ದರೆ, ಆ ಚೀಟಿಗೆ ಬೆಲೆಯಿಲ್ಲ. ತನ್ನದಲ್ಲದ್ದನ್ನು ಮಾರುವವನಿಂದ ಪರವಾನಗಿ ಹುಟ್ಟುವುದಿಲ್ಲ.

ದಾರಿ ಒಂದೇ, ಅದು ನಿಮ್ಮ ಕೈಯಲ್ಲೇ ಇದೆ: ಬೀಟನ್ನು ನೀವೇ ನುಡಿಸಿ ಕೊಡಿ. ಡ್ರಮ್ಸ್ ವರಸೆಯೊಂದಕ್ಕೇ ಕೃತಿಸ್ವಾಮ್ಯ ಇರುವುದಿಲ್ಲ ಎಂಬುದು ಸದ್ಯದ ಸಾಮಾನ್ಯ ತಿಳಿವಳಿಕೆ. ಜಮೈಕಾದ ಸ್ಟೀಲಿ ಅಂಡ್ ಕ್ಲೀವಿ ಎಂಬ ಸಂಗೀತಗಾರರ ಜೋಡಿ 1989ರಲ್ಲಿ ಮಾಡಿದ ತಾಳವೊಂದಕ್ಕಾಗಿ ರೆಗೆಟಾನ್ ಗಾಯಕರ ದೊಡ್ಡ ಗುಂಪಿನ ಮೇಲೆ 2021ರಲ್ಲಿ ಹೂಡಿದ ದಾವೆ ಈ ತಿಳಿವಳಿಕೆಯನ್ನೇ ಪ್ರಶ್ನಿಸಿದೆ ನಿಜ, ಆದರೆ ನಿಮ್ಮ ಕೆಲಸ ಅದಕ್ಕಾಗಿ ನಿಲ್ಲಬೇಕಿಲ್ಲ. ಬ್ರೌನ್‌ನ ಉದ್ಗಾರ, ತುತ್ತೂರಿಯ ವರಸೆ, ಇವನ್ನು ಮಾತ್ರ ಎತ್ತಬೇಡಿ. ಮತ್ತು ಗೆಳೆತನವೇ ಇದ್ದರೂ ಒಂದು ಕಾಗದ ಮಾಡಿಕೊಳ್ಳಿ. 2012ರ ತಿದ್ದುಪಡಿಯ ನಂತರ ಇಲ್ಲಿ ವಾದ್ಯ ನುಡಿಸಿದವರಿಗೂ ಪ್ರದರ್ಶಕರ ಹಕ್ಕಿನಡಿ ವಾಣಿಜ್ಯ ಬಳಕೆಗೆ ರಾಯಲ್ಟಿ ಕೇಳುವ, ನುಡಿಸಿದ್ದು ತಾನೆಂದು ಹೆಸರು ಹಾಕಿಸಿಕೊಳ್ಳುವ ಹಕ್ಕಿದೆ. ಕಾಯ್ದೆಯಲ್ಲಿ ಇದ್ದರೆ ಸಾಲದು, ಹಾಡಿನ ವಿವರದಲ್ಲಿ ‘ಡ್ರಮ್ಸ್’ ಎಂಬ ಪದದ ಮುಂದೆ ನಿಮ್ಮ ಹೆಸರು ಬರಬೇಕು.

ರೆಕಾರ್ಡ್ ಮಾಡುವಾಗ ಗಮನದಲ್ಲಿರಲಿ: ಪ್ರತಿಧ್ವನಿ ಕಡಿಮೆ ಇರುವ ಕೋಣೆ, ಕಿಕ್ ಒಳಗೆ ಮಡಿಸಿದ ಒಂದು ಕಂಬಳಿ, ಮೈಕ್ ಎರಡೇ ಸಾಕು, ಒಂದು ಕಿಕ್ ಮುಂದೆ, ಇನ್ನೊಂದು ಸ್ನೇರ್‌ನಿಂದ ಮೊಳದುದ್ದ ಮೇಲೆ. ಕ್ಲಿಕ್ (ಎಣಿಕೆ ತೋರಿಸುವ ಟಿಕ್ ಟಿಕ್ ಸದ್ದು) ಇಟ್ಟುಕೊಂಡು ನುಡಿಸಿ, ಆದರೆ ಕಂಪ್ಯೂಟರಿನಲ್ಲಿ ಏಟುಗಳನ್ನು ಗೆರೆಗೆ ಎಳೆದು ಕೂರಿಸಬೇಡಿ. ಎಂಟು ಬಾರ್ ನುಡಿಸಿ, ಅದರಲ್ಲಿ ಒಂದೇ ಒಂದನ್ನು ಆರಿಸಿ ಲೂಪ್ ಮಾಡಿ. ಜೋರು-ಮೆಲು ಸದ್ದುಗಳ ಅಂತರ ತಗ್ಗಿಸುವ ಕಂಪ್ರೆಸರ್ ತುಸು ಜಾಸ್ತಿಯೇ ಇರಲಿ, ಮೆಲುಏಟುಗಳು ಮುಂದೆ ಬರುತ್ತವೆ. ಹಳೆಯ ಸ್ಯಾಂಪ್ಲರಿನ ಬಣ್ಣ ಬೇಕಿದ್ದರೆ 13 ಕಿಲೋಹರ್ಟ್ಸ್ ಮೇಲಿನದನ್ನು ಕತ್ತರಿಸಿ, 12 ಬಿಟ್‌ಗೆ ಇಳಿಸಿ. ಡ್ರಮ್ಸ್ ಸಿಗದೆ ಸಾಫ್ಟ್‌ವೇರಿನಲ್ಲೇ ಹಾಕುವುದಾದರೆ ದೊಡ್ಡ ಸ್ನೇರ್‌ಗೆ ವೆಲಾಸಿಟಿ (ಏಟಿನ ಜೋರು ಹೇಳುವ ಸಂಖ್ಯೆ) 115ರ ಸುತ್ತ, ಮೆಲುಏಟಿಗೆ 30ರಿಂದ 45, ನಾಲ್ಕೂ ಬೇರೆ ಬೇರೆ ಸಂಖ್ಯೆ. ತೆರೆದ ಹೈ-ಹ್ಯಾಟನ್ನು ಮುಚ್ಚಿದ್ದರ ಜೊತೆ ಒಂದೇ ಚೋಕ್ ಗ್ರೂಪಿಗೆ (ಒಂದು ಸದ್ದು ಬಂದರೆ ಇನ್ನೊಂದು ನಿಲ್ಲುವ ಗುಂಪು) ಸೇರಿಸಿ, ಇಲ್ಲವಾದರೆ ಅದು ಮುಂದಿನ ‘ತ’ದ ಮೇಲೆಲ್ಲ ಹರಡಿಕೊಳ್ಳುತ್ತದೆ.